ತಂತಿ ಅಲುಗದ ಪೆಟ್ಟಿಗೆ

ಅಮೃತಾಳಿಗೆ ಬೇಕಾಗಿದ್ದುದು ಒಂದು ಪೆಟ್ಟಿಗೆ. ಗಂಡನ ಊರಾದ ಮೊರಬದಿಂದ ಹುಬ್ಬಳ್ಳಿಗೆ, ಅಲ್ಲಿ ಬಸ್ಸು ಬದಲಿಸಿ ಕಲಘಟಗಿಗೆ, ನೂಕುನುಗ್ಗಲಿನಲ್ಲಿ, ತಗ್ಗು ದಿನ್ನೆಯ ರಸ್ತೆಯಲ್ಲಿ ಒಯ್ದರೂ ಒಳಗಿನ ಪುಟ್ಟ ಗಿಟಾರಿನಂಥ ಯುಕುಲೇಲಿಯ ನಾಲ್ಕು ತಂತಿಗಳು ಈಗ ಹೇಗಿವೆಯೋ ಹಾಗೆಯೇ ಇರಬೇಕು. ಕೂದಲೆಳೆಯಷ್ಟೂ ಸಡಿಲಾಗಬಾರದು. ಅಂಥದು ಸಿಕ್ಕರೆ ಸಾಕಿತ್ತು. ಬೇರೆ ಯಾವುದರ ಮೇಲೂ ಅವಳಿಗೆ ಆಸೆ ಉಳಿದಿರಲಿಲ್ಲ.

ಆ ತಂತಿಗಳನ್ನು ಬಿಗಿದವನು ಅವಳ ಗಂಡ ಗೌರೀಶ. ನವಲಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದ. ಹಾರ್ಮೋನಿಯಂ ಬೈಕಿನ ಮೇಲೆ ಒಯ್ಯಲು ಭಾರ, ಗಿಟಾರು ಮಕ್ಕಳ ತೋಳಿಗೆ ದೊಡ್ಡದು ಎಂದು ಈ ಪುಟ್ಟ ವಾದ್ಯವನ್ನು ತರಿಸಿಕೊಂಡು, ಫೋನು ನೋಡುತ್ತ ತಾನೇ ಕಲಿತು, ಮಗ್ಗಿಯಿಂದ ಹಿಡಿದು ನಾಡಗೀತೆಯವರೆಗೆ ಎಲ್ಲವನ್ನೂ ಅದರ ಮೇಲೆ ಹಾಡಿಸುತ್ತಿದ್ದ. ಯುಕುಲೇಲಿ ಎನ್ನಲು ಬಾರದ ಮಕ್ಕಳು ಅದನ್ನು ‘ಕುಲುಕುಲಿ’ ಎನ್ನುತ್ತಿದ್ದವು. ಊರಿನ ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುವ ಮಾವ ಕುಬೇರಪ್ಪ ‘ತಂಬೂರಿ ಮರಿ’ ಎಂದು ನಗುತ್ತಿದ್ದರು.

ಮಳೆಗಾಲದ ಜ್ವರ ಅವನನ್ನು ಒಯ್ದಿತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, ಅವನ ಅಣ್ಣ ಸಂಗನಬಸವ ಕಾರು ತರಲು ಹೋಗಿದ್ದಾಗ, ಗೌರೀಶ ಮಂಚದ ಮೇಲೆ ಗೋಡೆಗೆ ಒರಗಿ ಕೂತು ಅದರ ತಂತಿ ಬಿಗಿಯುವ ಕಿವಿಗಳನ್ನು ತಿರುವುತ್ತಿದ್ದ. ಕೊನೆಯ ತಂತಿ ಬಹಳ ಹೊತ್ತು ಸತಾಯಿಸಿತು. ಕಡೆಗೆ ಅದು ಅವನ ಮನಸ್ಸಿಗೆ ಬಂದಂತೆ ನುಡಿಯಿತು. ಎದ್ದು ತಾನೇ ಅದನ್ನು ಗೂಟಕ್ಕೆ ತೂಗುಹಾಕಿ ಚಪ್ಪಲಿ ಮೆಟ್ಟಿದ. ಆ ಮನೆಯಲ್ಲಿ ಅವನ ಕೈ ಮಾಡಿದ ಕೊನೆಯ ಕೆಲಸ ಅದು.

ಅಂದಿನಿಂದ ಅಮೃತಾ ಅದನ್ನು ಮುಟ್ಟಿರಲಿಲ್ಲ. ಕೋಣೆ ಗುಡಿಸುವಾಗ ಆ ಗೋಡೆಯ ಹತ್ತಿರ ಕಸಬರಿಗೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು. ಅದರ ಮೈತುಂಬ ಧೂಳು ಕೂತಿತ್ತು. ಒರೆಸಿದರೆ ಅರಿವೆ ತಂತಿಗೆ ತಾಗೀತೆಂದು ಅದನ್ನೂ ಬಿಟ್ಟಿದ್ದಳು. ಅವನ ಅಂಗಿಗಳ ವಾಸನೆ ಹೋಗಿತ್ತು. ಫೋನಿನಲ್ಲಿದ್ದ ದನಿ ಕೇಳಲು ಧೈರ್ಯವಿರಲಿಲ್ಲ. ಇದೊಂದು ಮಾತ್ರ ಅವನು ಬಿಟ್ಟಲ್ಲಿಯೇ ನಿಂತಿತ್ತು.

ಈಗ ಗಂಡನ ನೌಕರಿಯ ಬದಲು ಅವಳಿಗೆ ನೌಕರಿ ಬಂದಿತ್ತು, ಕಲಘಟಗಿಯಲ್ಲಿ, ಕಚೇರಿಯ ಕೆಲಸ. ಧಾರವಾಡದಲ್ಲಿ ಎಂ.ಎ. ಓದಿದವಳು. ಬಂದ ಕೆಲಸವನ್ನು ಬಿಡಬಾರದೆಂದು ಮನೆಯವರೆಲ್ಲ ಹೇಳಿದರು. ಅವಳು ಹೂಂ ಎಂದಳು. ಸೀರೆ, ಪುಸ್ತಕ, ಪಾತ್ರೆ ಯಾವುದನ್ನು ಒಯ್ಯಬೇಕು ಎಂದು ನೆಗೆಣ್ಣಿ, ಸಂಗನಬಸವನ ಹೆಂಡತಿ, ಕೇಳಿದಾಗಲೂ ಎಲ್ಲದಕ್ಕೂ ಹೂಂ ಎಂದಳು. ಯುಕುಲೇಲಿಯ ಮಾತು ಬಂದಾಗ ಮಾತ್ರ ಎದ್ದು ನಿಂತಳು. ಅದರ ಹಳೆಯ ಬಟ್ಟೆಯ ಚೀಲವನ್ನು ಇಲಿ ಕಡಿದು ವರ್ಷವೇ ಆಗಿತ್ತು.

ನವಲಗುಂದದ ಪೇಟೆಯಲ್ಲಿ ಹಾರೂನ್ ಅವರ ಅಂಗಡಿ. ತಬಲಾ, ತಾಳ, ಹಾರ್ಮೋನಿಯಂ, ದಿಮ್ಮು ಮಾರುತ್ತಾರೆ, ದುರಸ್ತಿ ಮಾಡುತ್ತಾರೆ. ಸುತ್ತಲಿನ ಭಜನಾ ಮೇಳಗಳೆಲ್ಲ ಅಲ್ಲಿಯ ಗಿರಾಕಿಗಳು. ಅಮೃತಾ ಅಲ್ಲಿಗೆ ಹೋದಾಗ ಯುಕುಲೇಲಿಯನ್ನು ಒಯ್ದಿರಲಿಲ್ಲ. ಹೊಲಿಗೆಯವರಿಗೆ ಅಳತೆ ಕುಪ್ಪಸ ಕೊಟ್ಟು ಬರುವ ಅಭ್ಯಾಸದವಳು. ಗೂಟದಿಂದ ಇಳಿಸದೆಯೇ ಅದರ ಹಿಂದೆ ಹಳೆಯ ಪತ್ರಿಕೆಯೊಂದನ್ನು ಸರಿಸಿ, ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದು, ಆ ಆಕಾರವನ್ನು ಕತ್ತರಿಸಿ, ಸುರುಳಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿದ್ದಳು.

ಹಾರೂನ್ ಕಾಗದವನ್ನು ಗಲ್ಲೆಯ ಮೇಜಿನ ಮೇಲೆ ಹರವಿ, ಅಂಗೈಯಿಂದ ಸವರಿ, ಅದನ್ನೂ ಅವಳನ್ನೂ ನೋಡಿದರು.

“ಅಕ್ಕಾರ, ಉದ್ದ ತಿಳೀತು, ಅಗಲ ತಿಳೀತು. ಹೊಟ್ಟಿ?”

“ಏನ್ರಿ?”

“ಹೊಟ್ಟಿ ಎಷ್ಟು ದಪ್ಪ ಐತಿ ಅಂತ ಇದ್ರಾಗ ಹೆಂಗ ತಿಳೀಬೇಕ್ರಿ? ಪೇಪರ್‍ನ್ಯಾಗ ಬರೇ ನೆಳ್ಳ ತಂದೀರಿ.”

ಬಾಜೂ ಕೂತು ತಬಲಾಕ್ಕೆ ಚರ್ಮದ ವಾದಿ ಬಿಗಿಯುತ್ತಿದ್ದ ಅವರ ಮಗ ದಾನೀಶ್ ನಕ್ಕ. ಹಾರೂನ್ ಅವನ ಕಡೆ ಕಣ್ಣು ಹೊರಳಿಸಿದರು.

“ನಗತಾನ ನೋಡ್ರಿ. ಮೊನ್ನಿ ಇವನೇ ಹಾರ್ಮೋನಿಯಂ ಪೆಟಿಗಿ ಮಾಡಿಸಿಕೊಂಡ ಬಂದ, ಹಾರ್ಮೋನಿಯಂ ಒಳಗ ಹೋತು, ಮುಚ್ಚಳ ಮುಚ್ಚಲಿಲ್ಲ.” ಮತ್ತೆ ಅವಳ ಕಡೆ ತಿರುಗಿದರು. “ಸಾಮಾನ ತಗೊಂಬರ್ರಿ. ಮೂರು ನಮೂನಿ ಹುಬ್ಬಳ್ಳಿಯಿಂದ ತರಿಸಿ ಇಟ್ಟಿರತೀನಿ. ಒಳಗ ಇಟ್ಟ ನೋಡಿ ಒಯ್ಯೂವಂತ್ರಿ. ಯಾರದ್ರಿ ಅದು? ಸಾಲಿದ?”

“ನಮ್ಮ ಮನ್ಯಾಗಿಂದು.”

“ಬಸ್ಸಿನಾಗ ಒಯ್ಯೂದಾದ್ರ ತಂತಿ ಸ್ವಲ್ಪ ಸಡ್ಲ ಮಾಡಿ...”

“ಇಲ್ರಿ,” ಎಂದಳು ಅಮೃತಾ. ದನಿ ಜೋರಾಗಿತ್ತು. “ತಂತಿ ಅಲಗಬಾರದು. ಅದಕ್ಕ ಪೆಟ್ಟಿಗಿ ಬೇಕಾಗೈತಿ.”

ಹಾರೂನ್ ಕಾಗದವನ್ನು ಸುರುಳಿ ಸುತ್ತಿ ಬದಿಗಿಟ್ಟರು. ಅವಳ ಹಣೆಯ ಮೇಲೆ ಕುಂಕುಮವಿಲ್ಲದೆ ಬರೀ ವಿಭೂತಿ ಇದ್ದುದನ್ನು ಆಗ ಕಂಡರೇನೋ.

ಹೀಗಾಗಿ ಅದನ್ನು ಗೂಟದಿಂದ ಇಳಿಸಲೇಬೇಕಾಯಿತು. ಮತ್ತೆ ಅಂಗಡಿಗೆ ಹೋಗುವ ದಿನ ಬೆಳಿಗ್ಗೆ ಸ್ನಾನ ಮಾಡಿ, ತಲೆಯ ಭಾಗವನ್ನು ಮುಟ್ಟದೆ, ಬೆನ್ನ ಕೆಳಗೆ ಅಂಗೈ ಕೊಟ್ಟು ಇಳಿಸಿದಳು. ಹಾಸಿಗೆಯ ಮೇಲೆ ಕೌದಿ ಹರವಿ ಅದರ ನಡುವೆ ಮಲಗಿಸಿದಳು. ತುಂಡು ತುಂಡು ಹಳೆಯ ಸೀರೆ ಸೇರಿಸಿ ಅತ್ತೆ ಹೊಲಿದ ಕೌದಿ, ಮೆತ್ತಗಿತ್ತು. ನಾಲ್ಕೂ ಮೂಲೆ ಮಡಚಿ ಸುತ್ತಿದಳು.

ಬಾಗಿಲಲ್ಲಿ ಅತ್ತೆ ಸುಶೀಲವ್ವ ನಿಂತಿದ್ದಳು.

“ಅದನ್ಯಾಕ ಹೊರಗ ಒಯ್ತಿ? ಇಲ್ಲೇ ಇದ್ದೀತು ಬಿಡು. ಹುಡುಗರಿಗೆ ಮುಟ್ಟಬ್ಯಾಡ್ರಿ ಅಂತ ನಾ ಹೇಳತೀನಿ.”

“ಅದು ನನ್ನ ಜೋಡಿ ಬರತೈತ್ರಿ ಅತ್ತಿ.”

“ನಿನಗ ಬಾರಸಾಕ ಬರೂದಿಲ್ಲ.”

“ಬಾರಸೂದಿಲ್ರಿ. ಅವರು ಇಟ್ಟಾಂಗ ಇಡತೀನಿ.”

ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಕುಬೇರಪ್ಪ ಇದನ್ನು ಕೇಳಿ ಇತ್ತ ತಿರುಗಿದರು. ಏನೋ ಹೇಳಲು ಬಾಯಿ ತೆರೆದವರು, “ಬಸ್ಸು ಬರೂ ಹೊತ್ತಾತು, ಹೋಗವ್ವಾ,” ಎಂದಷ್ಟೇ ಅಂದರು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಚಕ್ರ ತಗ್ಗಿಗೆ ಇಳಿದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದಳು. ಬಾಜೂ ಬಂದು ಕೂತ ಮುದುಕಿ ಕೌದಿಯ ಗಂಟನ್ನು ನೋಡಿದಳು. ಬಾಯಿ ತುಂಬ ಎಲೆ ಅಡಿಕೆ. ಮಾತಾಡದೆ ಇರಲು ಅವಳಿಗೆ ಆಗಲಿಲ್ಲ.

“ಮಕ್ಕೊಂಡೈತೇನು?”

ಅಮೃತಾ ಕೌದಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಮಕ್ಕೊಳ್ಳಿ, ಮಕ್ಕೊಳ್ಳಿ. ಎದ್ದರ ಬಸ್ ಮಂದೀನೆಲ್ಲಾ ಎಬ್ಬಸತಾವ. ನಮ್ಮ ಮೊಮ್ಮಗ ಹಂಗ. ಗಂಡೋ ಹೆಣ್ಣೋ?”

ಮುಂದಿನ ಸೀಟಿನ ಹೆಂಗಸು ಹೊರಳಿ ನೋಡಿ, “ಜಮಾಲಬಿ, ನೀ ಸುಮ್ಕ ಕುಂದರು, ಕೂಸು ಏಳತೈತಿ ನಿನ್ನ ಬಾಯಿಗೆ,” ಎಂದಳು.

“ನನ್ನ ಬಾಯಿಗೆ ಏಳೂದಿಲ್ಲಬೇ, ನಿನ್ನ ಮಾರಿ ನೋಡಿ ಅಂಜತೈತಿ,” ಎಂದು ಜಮಾಲಬಿ ನಕ್ಕಳು. ನಗುತ್ತಲೇ ಬಾಗಿದಳು. “ಅಯ್ಯ, ಮಾರಿ ಪೂರಾ ಮುಚ್ಚೀಯಲ್ಲವ್ವಾ ತಂಗಿ! ಉಸುರು ಕಟ್ಟತೈತಿ. ತಗಿ, ತಗಿ,” ಎನ್ನುತ್ತ ಕೌದಿಯ ಅಂಚನ್ನು ಸರಿಸಿಯೇಬಿಟ್ಟಳು.

ಕಟ್ಟಿಗೆಯ ತಲೆ, ನಾಲ್ಕು ಕಿವಿ, ಬಿಗಿದ ತಂತಿ ಕಂಡವು. ಜಮಾಲಬಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಮೃತಾಳ ಬರಿಯ ಕೊರಳನ್ನು, ಕೈಗಳನ್ನು ನೋಡಿದಳು. ಅವಳ ನಗು ಇಳಿಯಿತು. ಕೌದಿಯ ಅಂಚನ್ನು ಮೊದಲಿನಂತೆಯೇ ಎಳೆದು, ಕೂಸಿನ ಗದ್ದದ ಕೆಳಗೆ ಸಿಗಿಸುವ ಹಾಗೆ ಸಿಗಿಸಿದಳು.

ಹಾರೂನ್ ಹೇಳಿದಂತೆ ಮೂರನ್ನೂ ತರಿಸಿದ್ದರು. ಗಲ್ಲೆಯ ಮೇಲೆ ಸಾಲಾಗಿ ಇಟ್ಟು, ಜವಳಿ ಅಂಗಡಿಯವರ ಉತ್ಸಾಹದಿಂದ ಒಂದೊಂದನ್ನೇ ಬಿಚ್ಚಿದರು. ಮೊದಲನೆಯದು ಚೀಲ, ನೀಲಿ ಬಟ್ಟೆ, ಒಳಗೆ ಬೆರಳು ದಪ್ಪದ ಸ್ಪಂಜು.

“ಇದು ಹಗರ. ಬೆನ್ನಿಗೆ ಹಾಕ್ಕೋಬಹುದು. ಆದ್ರ ಬಸ್ಸಿನಾಗ ಯಾರರ ಒರಗಿದ್ರ ಮುಗೀತು. ಸಾಲಿ ಹುಡುಗರಿಗೆ ಸಾಕು, ನಿಮಗ ಬ್ಯಾಡ.”

ಎರಡನೆಯದು ಕಪ್ಪು ಕಟ್ಟಿಗೆಯ ಪೆಟ್ಟಿಗೆ. ಹಿತ್ತಾಳೆಯ ಕೊಂಡಿ, ಒಳಗೆ ಕೆಂಪು ಮಕಮಲ್ಲು. ಕೊಂಡಿ ಹಾಕಿದರೆ ಟಕ್ ಎನ್ನುತ್ತಿತ್ತು. ಹಾರೂನ್ ಅದರ ಮೇಲೆ ಮುಷ್ಟಿಯಿಂದ ಗುದ್ದಿ ತೋರಿಸಿದರು.

“ಇದರ ಮ್ಯಾಲ ನಾ ನಿಂತ್ರೂ ಏನೂ ಆಗೂದಿಲ್ಲ.”

“ನಿಲ್ಲಬ್ಯಾಡ್ರಿ ಅಬ್ಬಾ,” ಎಂದ ದಾನೀಶ್, “ಮಾರೂ ಸಾಮಾನ.”

ಅಮೃತಾ ಅದನ್ನೇ ನೋಡುತ್ತಿದ್ದಳು. ಗಟ್ಟಿಯಾದದ್ದು. ಮುಚ್ಚಿದರೆ ಹೊರಗಿನದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಕೌದಿ ಬಿಚ್ಚಿ ಯುಕುಲೇಲಿಯನ್ನು ತಾನೇ ಎತ್ತಿ ಅದರೊಳಗೆ ಇಟ್ಟಳು. ಹಾರೂನ್ ಮುಚ್ಚಳ ಮುಚ್ಚಿ, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರು. ಒಳಗೆ ಕಟ್ಟಿಗೆ ಕಟ್ಟಿಗೆಗೆ ಬಡಿಯಿತು. ಆ ಸದ್ದಿಗೆ ಅವಳು ಪೆಟ್ಟಿಗೆಯನ್ನು ಹಿಡಿಯಲು ಎರಡೂ ಕೈ ಚಾಚಿದಳು.

“ದೊಡ್ಡದಾತು,” ಎಂದರು ಹಾರೂನ್, ತುಸು ನಿರಾಶೆಯಿಂದ. “ನಿಮ್ಮದು ಸಣ್ಣ ಅಳತಿದು. ಸಂದ್ಯಾಗ ಅರಿವಿ ತುರುಕಬಹುದು. ಆದ್ರ ನಮ್ಮ ಕಡೆ ಬಿಸಲಿಗೆ ಈ ಕರೇ ಪೆಟಿಗಿ ಕಾದು ಒಲಿ ಆಗತೈತ್ರಿ. ಒಳಗಿನ ಸಾಮಾನಿನ ಅಂಟು ಬಿಡತೈತಿ.”

ಮೂರನೆಯದು ನಡುವಿನದು. ಗಟ್ಟಿ ಸ್ಪಂಜನ್ನೇ ಕೊರೆದು ಮಾಡಿದ್ದು, ಹೊರಗೆ ಬೂದು ಬಣ್ಣದ ದಪ್ಪ ಬಟ್ಟೆ, ಸುತ್ತಲೂ ಜಿಪ್ಪು. ನೋಡಲು ಏನೂ ಇಲ್ಲ. ಯುಕುಲೇಲಿ ಅದರೊಳಗೆ ಇಳಿದು ಕೂತಿತು. ಕುತ್ತಿಗೆಯ ಕೆಳಗೆ ದಿಂಬಿನಂಥ ಆಸರೆ. ತಲೆ ಎಲ್ಲಿಯೂ ತಾಗದೆ ನಿಂತಿತು. ಹಾರೂನ್ ಅಲುಗಿಸಿದರು. ಸದ್ದಿಲ್ಲ. ಹೊಟ್ಟೆಯ ಎರಡೂ ಬದಿಗೆ ಬೆರಳು ತೂರಿಸಿ ನೋಡಿದರು. ಬೆರಳು ಹೋಗಲಿಲ್ಲ.

“ಇದರಾಗ ಕುಂತತ್ರಿ. ಮುಚ್ಚಳ ತಂತಿಗೆ ಹತ್ತತೈತೇನು ಅದೊಂದ ನೋಡೂಣು,” ಎಂದು, ಅವಳು “ಮುಟ್ಟಬ್ಯಾಡ್ರಿ” ಎನ್ನುವಷ್ಟರಲ್ಲಿ, ಹೆಬ್ಬೆರಳನ್ನು ನಾಲ್ಕೂ ತಂತಿಗಳ ಮೇಲೆ ಎಳೆದುಬಿಟ್ಟರು.

ಅಮೃತಾ ಹಾಗೆಯೇ ನಿಂತಳು.

ಗೌರೀಶ ಬಾರಿಸಲು ಶುರುಮಾಡುವ ಮೊದಲು ಬರಿಯ ತಂತಿಗಳನ್ನು ಒಮ್ಮೆ ಹೀಗೆಯೇ ಎಳೆಯುತ್ತಿದ್ದ. ಪ್ರತಿ ಸಂಜೆ. ಆಗ ನಾಲ್ಕು ತಂತಿಗೂ ನಾಲ್ಕು ದನಿ ಇರುತ್ತಿತ್ತು. ನಾಲ್ಕು ಮಕ್ಕಳು ಒಟ್ಟಿಗೆ ಏನೋ ಕೇಳಿದಂತೆ ಇರುತ್ತಿತ್ತು. ಅವಳಿಗೆ ಸ್ವರಗಳ ಹೆಸರು ಗೊತ್ತಿಲ್ಲ, ಆದರೆ ಆ ದನಿ ಗೊತ್ತು. ಇದು ಅದಲ್ಲ. ಇದು ಎರಡೇ ದನಿ, ಒಂದನ್ನೊಂದು ಹಿಡಿದು ನಿಂತದ್ದು; ಒಂದು ತಂತಿ ಮಾತ್ರ ತುಸು ಹಿಂದೆ ಬಿದ್ದಿತ್ತು. ಇದೂ ಅವಳಿಗೆ ಗೊತ್ತಿತ್ತು. ಸೋಮವಾರ ಸೋಮವಾರ ಅವರ ಮನೆಯ ಪಡಸಾಲೆಯಲ್ಲಿ ಮೇಳ ಕೂತಾಗ, ಹಾಡು ಏಳುವ ಮೊದಲು ಕೇಳುತ್ತಿದ್ದ ತಂಬೂರಿಯ ಗುಂಯ್‌ಗಾರ ಇದು. ಮಾವ ಕಣ್ಣು ಮುಚ್ಚಿ ದನಿ ಕೂಡಿಸಿಕೊಳ್ಳುತ್ತಿದ್ದುದು ಇದರ ಮೇಲೆ.

ಹಾರೂನ್ ಕೂಡ ತಲೆ ಓರೆ ಮಾಡಿ ಕೇಳುತ್ತಿದ್ದರು. “ಭಜನಿಗೆ ಹೊಂದಿಸ್ಯಾರಲ್ರಿ ಯಾರೋ! ಹುಡುಗರ ಏನರ ಹಚ್ಚಿದ್ರೇನು?”

“ಮನ್ಯಾಗ ಯಾರೂ ಮುಟ್ಟಿಲ್ರಿ,” ಎಂದಳು ಅಮೃತಾ. ಹೇಳುತ್ತಿರುವಾಗಲೇ ಅದು ಸುಳ್ಳೆಂದು ತಿಳಿದಿತ್ತು.

“ಏನ ದೊಡ್ಡ ಮಾತಲ್ರಿ ಅಕ್ಕಾರ. ಫೋನಿನಾಗ ಆ್ಯಪ್ ಐತಿ. ಒಂದು ಕಪ್ ಚಾ ಕುಡಿಯೂದ್ರಾಗ ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡತೀನಿ. ಈ ಸಾಮಾನು ಎಲ್ಲಾರದೂ ಒಂದ ಅಳತಿಗೇ ಇರತಾವ.” ಬೆರಳು ಆಗಲೇ ಕಿವಿಯ ಹತ್ತಿರ ಹೋಗಿತ್ತು.

“ಬ್ಯಾಡ್ರಿ.”

“ಪುಕಟ್ರಿ, ಅದಕ್ಕೇನ ಕೊಡಬ್ಯಾಡ್ರಿ.”

“ಬ್ಯಾಡ್ರಿ,” ಎಂದಳು ಮತ್ತೆ. ಬೂದು ಪೆಟ್ಟಿಗೆಯ ಜಿಪ್ಪನ್ನು ತಾನೇ ಎಳೆದು ಮುಚ್ಚಿದಳು. ಯಾವುದನ್ನು ಕಾಯಲೆಂದು ಬಂದಿದ್ದಳೋ ಅದು ಒಳಗಿಲ್ಲ ಎಂದು ತಿಳಿದ ಮೇಲೂ ಪೆಟ್ಟಿಗೆಯನ್ನು ಏಕೆ ಕೊಳ್ಳುತ್ತಿದ್ದೇನೆಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಬರಿಗೈಯಲ್ಲಿ ಹೋಗಲು ಕಾಲು ಏಳಲಿಲ್ಲ, ಅಷ್ಟೇ.

ಮೊರಬದಲ್ಲಿ ಇಳಿದಾಗ ಬಿಸಿಲು ಬಾಗಿತ್ತು. ಕುಬೇರಪ್ಪ ಕಟ್ಟೆಯ ಮೇಲೆ ಕೂತು ನೊಗಕ್ಕೆ ಹಗ್ಗ ಸುತ್ತುತ್ತಿದ್ದರು. ಅಮೃತಾ ಒಳಗೆ ಹೋಗಲಿಲ್ಲ. ಅವರ ಮುಂದೆ ಪೆಟ್ಟಿಗೆ ಇಟ್ಟು ಜಿಪ್ಪು ತೆರೆದಳು.

“ಮಾವಾರ, ಇದನ್ನ ಯಾರು ಬಿಗದ್ರಿ?”

ಕುಬೇರಪ್ಪ ಹಗ್ಗ ಕೆಳಗಿಟ್ಟರು. ಈ ಪ್ರಶ್ನೆ ಬಂದೇ ಬರುತ್ತದೆಂದು ಬಹಳ ದಿನದಿಂದ ಕಾದಿದ್ದವರ ಮುಖ.

“ನಾನವ್ವಾ.”

“ಯಾವಾಗ?”

“ಅವನ್ನ ಕುಂದ್ರಿಸಿದ್ವಲ್ಲ, ಅವತ್ತ.”

ಪಡಸಾಲೆಯಲ್ಲಿ ಹೂವಿನ ನಡುವೆ ಗೌರೀಶನನ್ನು ಕೂರಿಸಿದ ದಿನ. ಅವರ ಮನೆಗಳಲ್ಲಿ ಮಣ್ಣಿಗೆ ಒಯ್ಯುವವರೆಗೆ ಸತ್ತವರನ್ನು ಹಾಗೆ ಕೂರಿಸಿ, ಎದುರಿಗೆ ಮೇಳದವರು ಬೆಳಗಿನವರೆಗೆ ಭಜನೆ ಹಾಡುತ್ತಾರೆ. ಅಮೃತಾ ಆ ಭಜನೆಯನ್ನು ಕೇಳಿರಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟು ಹಿತ್ತಲ ಕೋಣೆಯಲ್ಲಿ ಮಲಗಿಸಿದ್ದರು. ಎಬ್ಬಿಸಿದಾಗ ಎತ್ತುವ ಹೊತ್ತಾಗಿತ್ತು.

“ನಡುವ ಮೇಳದ ತಂಬೂರಿ ತಂತಿ ಹರೀತು,” ಎಂದರು ಕುಬೇರಪ್ಪ. “ಇನ್ನೊಂದ ತರತೀವಿ ಅಂತ ಹುಡುಗರ ಎದ್ದರು. ನಾನ ಬ್ಯಾಡ ಅಂದೆ. ಅವನ ಸಾಮಾನು ಮನ್ಯಾಗ ಇತ್ತಲ್ಲ. ಅವನ ಮುಂದ ಅವನದ ನುಡೀಲಿ ಅಂತ... ಒಳಗ ಹೋಗಿ ತಂದೆ. ನನಗ ಅದರ ರೀತಿ ಏನ ಗೊತ್ತು? ತಂಬೂರಿ ಬಿಗದಾಂಗ ಬಿಗದೆ. ನನ್ನ ದನಿಗೆ ಕೂಡಿತು. ಬೆಳಗಾದ ಮ್ಯಾಲ ಹೊಳ್ಳಿ ಒಯ್ದು ಅದ ಗೂಟಕ್ಕ ಹಾಕಿದೆ.”

“ನನ್ನ ಕೇಳಬೇಕಿತ್ರಿ.”

“ನಿನಗ ಮೈಮ್ಯಾಲ ಎಚ್ಚರ ಇರಲಿಲ್ಲಲ್ಲವ್ವಾ.”

“ಆಮ್ಯಾಲರ ಹೇಳಬೇಕಿತ್ರಿ!” ಅಷ್ಟು ದಿನ ಹೂಂ ಎಂದಷ್ಟೇ ಹೇಳುತ್ತಿದ್ದ ಬಾಯಿಯಿಂದ ಬಂದ ದನಿಗೆ ಸುಶೀಲವ್ವ ಒಲೆ ಬಿಟ್ಟು ಬಾಗಿಲಿಗೆ ಬಂದಳು. “ಅವರು ಬಿಗದದ್ದು ಅಂತ ಕಾದೆ. ಅವರ ಕೈ ಐತಿ ಅದರಾಗ ಅಂತ ಧೂಳ ಸೈತ ಒರಸಲಿಲ್ರಿ ನಾ. ಧೂಳ ಸೈತ!”

ಕುಬೇರಪ್ಪ ತಲೆ ತಗ್ಗಿಸಿದರು. “ಹೇಳಾಕ ಬಂದೆ. ಒಂದಲ್ಲ, ಎರಡಲ್ಲ, ಬಾಳ ಸಲ ಬಂದೆ. ನೀ ಅದರ ಮುಂದ ನಿಂತಿರತಿದ್ದಿ. ನೋಡಿ ಹೊಳ್ಳಿ ಹೋದೆ.”

ಬೀದಿಯಲ್ಲಿ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

“ಮೊದಲಿನಂಗ ಮಾಡಾಕ ಬರತೈತೇನವ್ವಾ?” ಎಂದು ಕುಬೇರಪ್ಪ ಕೇಳಿದರು. “ಬರತಿದ್ರ ಮಾಡಿಸು.”

“ಅಂಗಡಿಯವರು ಮಾಡತೀನಿ ಅಂದ್ರು. ನಾನ ಬ್ಯಾಡ ಅಂದೆ.”

“ಯಾಕ?”

“ಅಂಗಡಿಯವರು ಮಾಡಿದ್ದು ಅಂಗಡಿಯವರದಾಗತೈತಿ.”

ಅವಳು ಕಟ್ಟೆಯ ಅಂಚಿಗೆ ಕೂತಳು. ಮಾವನ ಎದುರು ಅವಳು ಎಂದೂ ಕೂತವಳಲ್ಲ. ಪೆಟ್ಟಿಗೆಯೊಳಗೆ ಯುಕುಲೇಲಿ ಇಳಿಬಿಸಿಲಿಗೆ ಮೈ ಚಾಚಿ ಮಲಗಿತ್ತು. ಧೂಳಿನ ಮೇಲೆ ಹಾರೂನ್ ಅವರ ಬೆರಳ ಗುರುತು ಮೂಡಿತ್ತು. ಇಷ್ಟು ತಿಂಗಳಲ್ಲಿ ಅದರ ಮುಂದೆ ನಿಂತಾಗಲೆಲ್ಲ ಅವಳು ಗೌರೀಶನ ಕೈಯನ್ನು ಕಾಣುತ್ತಿದ್ದಳು. ಈಗ ಅಲ್ಲಿ ಮಾವನ ಈ ಗಡಸು ಬೆರಳುಗಳು, ಮಗನನ್ನು ಎದುರಿಗೆ ಕೂರಿಸಿಕೊಂಡು ಕಿವಿ ತಿರುವಿದ ಬೆರಳುಗಳು. ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ನಿಲ್ಲಲಿಲ್ಲ. ಅದು ಹೋದ ಜಾಗದಲ್ಲಿ ಬೇರೊಂದು ಮಾತಿತ್ತು; ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ.

“ನಾ ಕೇಳಲಿಲ್ರಿ,” ಎಂದಳು. “ನೀವು ಹಾಡಿದ್ದು. ಊರ ಮಂದಿ ಎಲ್ಲಾ ಕೇಳ್ಯಾರ. ನಾ ಒಬ್ಬಾಕಿ ಕೇಳಲಿಲ್ಲ.”

ಬಾಗಿಲಲ್ಲಿ ಸುಶೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಭಜನೆಯ ರಾತ್ರಿಯಿಂದ ಮೇಳ ಆ ಪಡಸಾಲೆಯಲ್ಲಿ ಕೂತಿರಲಿಲ್ಲ. ಕುಬೇರಪ್ಪ ಎಲ್ಲಿಯೂ ಹಾಡಿರಲಿಲ್ಲ.

ಅವರು ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಬಾಗಿ, ಎರಡೂ ಕೈಯಿಂದ, ಬಿಸಿ ಪಾತ್ರೆ ಎತ್ತುವಂತೆ ಹೆದರುತ್ತ ಅದನ್ನು ಪೆಟ್ಟಿಗೆಯಿಂದ ಎತ್ತಿದರು. ಅವರ ದೊಡ್ಡ ತೋಳಿನಲ್ಲಿ ಅದು ಕಾಣದಂತಾಯಿತು. ತಂಬೂರಿಯ ಹಾಗೆ ನೆಟ್ಟಗೆ, ಭುಜಕ್ಕೆ ಆನಿಸಿ ಹಿಡಿದು, ತೋರುಬೆರಳಿನಿಂದ ಒಂದೊಂದೇ ತಂತಿ ಮೀಟಿದರು. ಮೂರು ಒಂದಕ್ಕೊಂದು ಕೂಡಿಕೊಂಡು ನುಡಿದವು. ನಾಲ್ಕನೆಯದು ಇಳಿದುಬಿಟ್ಟಿತ್ತು, ಇಷ್ಟು ತಿಂಗಳ ಚಳಿಗೆ, ಬಿಸಿಲಿಗೆ, ತನ್ನಷ್ಟಕ್ಕೆ ತಾನೇ. ಗೊಗ್ಗರು ದನಿಯಲ್ಲಿ ಬೇರೆಯಾಗಿ ನಿಂತಿತು.

ಅವರ ಕೈ ಕಿವಿಯ ಕಡೆ ಹೋಯಿತು. ಮುಟ್ಟುವ ಮೊದಲೇ ನಿಂತಿತು. ಕುಬೇರಪ್ಪ ಸೊಸೆಯ ಮುಖ ನೋಡಿದರು.

ಅಮೃತಾ ಆ ಕಿವಿಯನ್ನು ನೋಡಿದಳು. ಸಣ್ಣದು, ಹುಣಸೆ ಬೀಜದಷ್ಟು. ಅದರ ಮೇಲೆ ಮಾತ್ರ ಧೂಳು ಹಾಗೆಯೇ ಇತ್ತು.

“ತಿರುವ್ರಿ,” ಎಂದಳು.

ಅವರು ತಿರುವಿದರು. ತಂತಿ ನರಳುತ್ತ ಮೇಲೇರಿತು. ಒಮ್ಮೆ ದಾಟಿ ಹೋಯಿತು, ಮತ್ತೆ ಇಳಿಯಿತು. ಸುಶೀಲವ್ವ ಹೊಸ್ತಿಲ ಮೇಲೆಯೇ ಕೂತಳು. ಕುಬೇರಪ್ಪ ಕಣ್ಣು ಮುಚ್ಚಿಕೊಂಡು, ಬಾಯಿಯೊಳಗೇ ದನಿ ಹಿಡಿದು, ಅದು ಬಂದು ಕೂಡಲೆಂದು ಕಾಯುತ್ತಿದ್ದರು. ಅಮೃತಾ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೇಳುತ್ತ ಕೂತಳು. ಕೆನ್ನೆ ಒದ್ದೆಯಾದದ್ದು ಅವಳಿಗೆ ತಿಳಿದದ್ದು ಗಾಳಿ ಬೀಸಿದಾಗ.